ಚಿಕ್ಕಬೀರಯ್ಯ ಅಗೆಯಲೊಪ್ಪದ ಮೂಡಲ ಮಗ್ಗುಲು

ಗುಂಡ್ಲುಪೇಟೆಯ ಹಳೆಯ ರುದ್ರಭೂಮಿಯಲ್ಲಿ ಮೂವತ್ತು ವರ್ಷದಿಂದ ಗುಂಡಿ ತೋಡುತ್ತಿದ್ದ ಚಿಕ್ಕಬೀರಯ್ಯ ಮಹಾ ಮಾತುಗಾರ. ಅತ್ತು ಬಂದವರನ್ನೂ ಒಂದು ಮಾತಿಗೆ ನಗಿಸಿ ಕಳಿಸುತ್ತಿದ್ದ. ಮೂಡಲ ಮಗ್ಗುಲಿಗೆ ಮಾತ್ರ ಅವನು ಗುದ್ದಲಿ ಹಾಕುತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ಅಲ್ಲಿ ಅಗೆಯುವಾಗ ಯಾರದೋ ಹಳೆಯ ಮೂಳೆ ಮೇಲೆ ಬಂದಿತ್ತು. ಹೆಣ ಹೊತ್ತು ತಂದವರೆದುರು ತಲೆ ಎತ್ತಲಾಗದೆ ಅಂದು ಅವನು ಊಟವನ್ನೇ ಬಿಟ್ಟಿದ್ದ. ಅಲ್ಲಿನ ಗುರುತಿನ ಕಲ್ಲುಗಳೆಲ್ಲ ಯಾವ ಕಾಲದಲ್ಲೋ ಯಾರದೋ ಮನೆಯ ಪಾಯ ಸೇರಿದ್ದವು.

ಈಗ ಪಡುವಲಲ್ಲಿ ಜಾಗ ಮುಗಿಯಿತು. ರುದ್ರಭೂಮಿಯನ್ನೇ ಮುಚ್ಚುವ ಮಾತೆದ್ದಿತು. ಅದಕ್ಕೆ ಮೊದಲು ಮೂಡಲಲ್ಲಿ ಖಾಲಿ ನೆಲವಿದೆಯೇ ಎಂದು ಒಂದು ಸಲ ನೋಡಿಬಿಡೋಣವೆಂದು ಊರವರು ಚಾಮರಾಜನಗರದಿಂದ ಶಶಿರೇಖಾ ಎಂಬ ಭೂವಿಜ್ಞಾನಿಯನ್ನು ಕರೆಸಿದರು. ಅವಳು ತಂದದ್ದು ನೆಲದೊಳಗನ್ನು ನೋಡುವ, ಕೂಸಿನ ಗಾಡಿಯಂಥ ನಾಲ್ಕು ಚಕ್ರದ ರೇಡಾರ್.

“ಇದು ಮೂಳೆ ತೋರುಸ್ತದಾ ಮೇಡಂ?” ಎಂದ ಚಿಕ್ಕಬೀರಯ್ಯ.

“ಮೂಳೆ ಅಲ್ಲ ತಾತ, ಮಣ್ಣು. ಒಂದ್ಸಲ ಅಗೆದು ಮುಚ್ಚಿದ ಮಣ್ಣು ಅಕ್ಕಪಕ್ಕದ್ದರ ಥರ ಇರಲ್ಲ. ನಾವು ಕಳಿಸೋ ಅಲೆ ಅಲ್ಲಿಂದ ಬೇರೆ ಥರ ವಾಪಸ್ ಬರುತ್ತೆ.”

“ಅದು ನನ್ ಗುದ್ಲೀಗೂ ಗೊತ್ತು ಕಣವ್ವ. ಆದ್ರೆ ಅಗುದ್ ಮ್ಯಾಲೆ!”

ಮೂರು ದಿನ ಹಗ್ಗ ಕಟ್ಟಿ ಸಾಲುಸಾಲಾಗಿ ಗಾಡಿ ತಳ್ಳಿದರು. ಪರದೆಯಲ್ಲಿ ಕಮಾನಿನಂಥ ಗೆರೆ ಮೂಡಿದಲ್ಲೆಲ್ಲ ಚಿಕ್ಕಬೀರಯ್ಯ ಸುಣ್ಣ ಚೆಲ್ಲಿದ. ಒಂದು ಕಡೆ ಮಾತ್ರ ಕೈ ತಡೆದ.

“ಇದು ಗೋರಿ ಅಲ್ಲ ಬುಡು. ಇಲ್ಲೊಂದ್ ಉಣ್ಸೆ ಮರ ಇತ್ತು, ಗಾಳೀಗ್ ಬಿತ್ತು.”

ಶಶಿರೇಖಾ ಪಕ್ಕದ ಸಾಲುಗಳನ್ನೂ ಮತ್ತೆ ನೋಡಿದಳು. ಆ ಗುರುತು ಒಂದೆಡೆ ನಿಲ್ಲದೆ ಅಂಕುಡೊಂಕಾಗಿ ಹರಿದುಹೋಗಿತ್ತು. “ಮರದ ಬೇರೇ ತಾತ! ನೀವೇ ಗೆದ್ರಿ,” ಎಂದು ನಕ್ಕಳು.

ಕೊನೆಗೆ ಸಿಕ್ಕಿದ್ದು ಅರವತ್ತೆರಡು ಗೋರಿ. ಅದರಲ್ಲಿ ಐದು ಪುಟ್ಟವು, ಮಕ್ಕಳವಿರಬೇಕು. ಅವಿದ್ದದ್ದು ಚಿಕ್ಕಬೀರಯ್ಯ ದಿನವೂ ಬುತ್ತಿ ಬಿಚ್ಚುತ್ತಿದ್ದ ಜಾಗದಲ್ಲೇ. ಅವನು ಹೆಗಲ ಟವೆಲ್ ಇಳಿಸಿ, “ತಪ್ಪಾಯ್ತು ಕಣ್ರಪ್ಪಾ, ಇಷ್ಟ್ ದಿನ ನಿಮ್ ಮ್ಯಾಲೇ ಕುಂತ್ಬುಟ್ಟಿದ್ದೆ,” ಎಂದು ಕೈಮುಗಿದ.

ಆದರೆ ಆ ಮಗ್ಗುಲಿನ ತುದಿಯಲ್ಲಿ ಯಾರೂ ಮಲಗಿರದ ಅಗಲವಾದ ನೆಲ ಸಿಕ್ಕಿತ್ತು. ರುದ್ರಭೂಮಿ ಉಳಿಯಿತು. ಹತ್ತು ವರ್ಷದ ಮೇಲೆ ಚಿಕ್ಕಬೀರಯ್ಯ ಮೂಡಲಲ್ಲಿ ಅಳುಕಿಲ್ಲದೆ ಗುದ್ದಲಿ ಎತ್ತಿದ. ಒಂದು ಬೆಳಿಗ್ಗೆ ಹೆಂಡತಿ ಮಲ್ಲಾಜಮ್ಮನನ್ನೂ ಕರೆತಂದು ಜಾಗ ತೋರಿಸಿದ.

“ನಮ್ಮಿಬ್ರುಗೂ ಇಲ್ಲೇ ಜಾಗ ಇಡ್ದಿಟ್ಬುಡನ?”

ಅವಳು ಸೊಂಟದ ಮೇಲೆ ಕೈಯಿಟ್ಟು ಸುತ್ತ ನೋಡಿದಳು. “ಇಲ್ಲಿ ಬಿಸ್ಲು ಕಣಯ್ಯ. ನಂಗೆ ಆ ಬೇವಿನ ಮರದ ತಾವ ಇರ್ಲಿ. ಈಗ ನಡಿ, ಸಾರು ಆರೋಗ್ತದೆ!”