ನೀರು ನಿಲ್ಲಿಸಬೇಡಿ

ಮಗಳು ಮೊದಲ ಹೆರಿಗೆಗೆಂದು ಉತ್ತರಹಳ್ಳಿಯ ನಮ್ಮ ಮನೆಗೆ ಬಂದ ವಾರವೇ, ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದ ಗಾರೆಯವನಿಗೆ ಮಲೇರಿಯಾ ಎಂದು ಗೊತ್ತಾಯಿತು. ಅವನು ಮಾತ್ರೆ ನುಂಗಿ ಹುಷಾರಾದ. ನಿದ್ದೆ ಕೆಟ್ಟಿದ್ದು ನನಗೆ. "ಬಸುರೀಲಿ ಮಲೇರಿಯಾ ಬಂದ್ರೆ ತಾಯಿಗೂ ಕಷ್ಟ, ಮಗೂಗೂ ಕಷ್ಟ. ಸೊಳ್ಳೆ ಕಚ್ಚದ ಹಾಗೆ ನೋಡ್ಕೊಳ್ಳಿ" ಎಂದು ಜಯನಗರದ ಡಾಕ್ಟರು ಹೇಳಿದ್ದರು. ಸೊಳ್ಳೆಯೇನು ನನ್ನನ್ನು ಕೇಳಿ ಕಚ್ಚುತ್ತದೆಯೇ? ಹೊತ್ತು ಮುಳುಗುವ ಮೊದಲೇ ಮಗಳನ್ನು ಸೊಳ್ಳೆಪರದೆಯೊಳಗೆ ತಳ್ಳುತ್ತಿದ್ದೆ. "ಅಮ್ಮಾ, ನಾನೇನು ಝೂನಲ್ಲಿದೀನಾ?" ಎಂದು ಅವಳು ರೇಗುತ್ತಿದ್ದಳು.

ಔಷಧಿ ಹೊಡೆಯಲು ಬಂದವರು ಹೇಳಿದ್ದನ್ನು ಕೇಳಿ ಇನ್ನಷ್ಟು ಸಂಕಟವಾಯಿತು. ಈ ಸೊಳ್ಳೆಗೆ ಚರಂಡಿ ಬೇಡವಂತೆ, ಒಳ್ಳೆಯ ನೀರೇ ಬೇಕಂತೆ. ಸಂಪು, ಡ್ರಮ್ಮು, ತೆರೆದ ಬಾವಿ. ನಮ್ಮ ಅಡುಗೆಮನೆಯ ಕಿಟಕಿ ತೆಗೆದರೆ ಕಾಣುವುದೇ ಒಂದು ತೆರೆದ ಬಾವಿ.

ಅದು ಊರ ಯಜಮಾನರ ಬಾವಿ. ನಮ್ಮ ಬಡಾವಣೆ ಒಂದು ಕಾಲಕ್ಕೆ ಅವರ ರಾಗಿ ಹೊಲ. ಹೊಲ ಹೋಗಿ ಈಗ ಬೋರ್‌ವೆಲ್ಲು, ನೀರಿನ ಟ್ಯಾಂಕರುಗಳು ಬಂದಿವೆ. ಬೇಸಿಗೆಯಲ್ಲಿ ಅವರು ಮುಖ ಗಂಟಿಕ್ಕಿದರೆ ಇಡೀ ಬಡಾವಣೆಯ ನಲ್ಲಿಗಳು ಒಣಗಿದಂತೆಯೇ. ವರ್ಷಕ್ಕೊಮ್ಮೆ ಗಂಗಮ್ಮನ ಪೂಜೆ ಮಾಡುವುದು ಬಿಟ್ಟರೆ ಆ ಬಾವಿಯ ಕಾಂಪೌಂಡಿಗೆ ಸದಾ ಬೀಗ. ಬೀಗ ತೆಗೆಯಿರಿ ಎಂದು ಅವರನ್ನು ಕೇಳುವ ಎದೆಗಾರಿಕೆ ನಮ್ಮ ನಿವಾಸಿಗಳ ಸಂಘದಲ್ಲಿ ಒಬ್ಬರಿಗೂ ಇರಲಿಲ್ಲ.

ಕೇಳುವ ಬದಲು ಸಂಘದವರು ಮಲೇರಿಯಾ ಜಾಗೃತಿಯ ಬ್ಯಾನರ್ ಮಾಡಿಸಿದರು. ಬರೆದುಕೊಟ್ಟವರು ನಮ್ಮ ಮನೆಯವರು, ನಿವೃತ್ತ ಕನ್ನಡ ಮೇಷ್ಟ್ರು. ದಿನಗಟ್ಟಲೆ ತಲೆ ಕೆರೆದುಕೊಂಡು, ಚುಟುಕಾಗಿರಬೇಕು ಎಂದು ಎರಡೇ ಎರಡು ಪದ ಬರೆದರು: "ನೀರು ನಿಲ್ಲಿಸಬೇಡಿ!" ಪಕ್ಕದಲ್ಲೊಂದು ಸೊಳ್ಳೆ ಚಿತ್ರ ಹಾಕಿಸಿ ಎಂದೆ. "ಕನ್ನಡ ಬರೋರಿಗೆ ಚಿತ್ರ ಯಾಕೆ?" ಎಂದರು. ಎಲ್ಲರ ಕಣ್ಣಿಗೂ ಬೀಳಲಿ ಎಂದು ಸಂಘದವರು ಅದನ್ನು ಯಜಮಾನರ ಟ್ಯಾಂಕರು ನಿಲ್ಲುವ ಜಾಗದ ಎದುರಿಗೇ ಕಟ್ಟಿ ಬಂದರು.

ಮಾರನೆಯ ಬೆಳಿಗ್ಗೆ ಯಜಮಾನರು ನಮ್ಮ ಗೇಟು ದಬ್ಬಿಕೊಂಡು ಒಳಗೆ ಬಂದರು.

"ಏನ್ ಮೇಷ್ಟ್ರೇ, ನಮ್ ಮೇಲೇ ಸ್ಟ್ರೈಕಾ? ನಾನ್ ಯಾವತ್ತು ನೀರ್ ನಿಲ್ಸಿದೀನಿ? ಹೋದ್ ಬೇಸ್ಗೇಲಿ ಊರೆಲ್ಲಾ ಬಾಯ್ ಬಾಯ್ ಬಿಡ್ತಿದ್ದಾಗ ನಿಮ್ ಸಂಪ್ ತುಂಬ್ಸಿದ್ದು ಯಾರು?"

ನಮ್ಮವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಟ್ಯಾಂಕರ್ ನಿಲ್ಲಿಸಬೇಡಿ ಅಂತಲ್ಲ ಯಜಮಾನ್ರೇ. ನೀರು ಒಂದೇ ಕಡೆ ನಿಲ್ಲೋಕೆ ಬಿಡಬೇಡಿ, ಸೊಳ್ಳೆ ಆಗತ್ತೆ, ಅಂತ."

"ಹಂಗಂತ ಬರೀಬೇಕಪ್ಪ! ಇದನ್ನ ಓದಿದ್ರೆ ಯಾರಿಗ್ ಗೊತ್ತಾಗತ್ತೆ ಸೊಳ್ಳೆ ವಿಷ್ಯ?"

ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವರು ತಲೆ ತಗ್ಗಿಸಿ ನಿಂತಿದ್ದರು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆದರೆ ಇಷ್ಟು ಸಿಟ್ಟಾದವರ ಮುಂದೆ ಇನ್ನು ಬಾವಿಯ ಮಾತೆತ್ತುವುದು ಹೇಗೆ ಎಂದು ನನ್ನ ಜೀವ ಬಾಯಿಗೆ ಬಂದಿತ್ತು.

ಮಾತೆತ್ತಿದವಳು ಮಗಳು. ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಹೊರಗೆ ಬಂದವಳೇ, "ಅಂಕಲ್, ನಿಮ್ಮ ಬಾವೀಲೂ ಸೊಳ್ಳೆ ಮರಿ ಇರಬಹುದು. ನಂಗೆ ಭಯ ಆಗತ್ತೆ" ಎಂದಳು.

"ಗಂಗಮ್ಮನ್ ಬಾವೀಲಾ? ಕನ್ನಡಿ ತರ ನೀರು ಕಣಮ್ಮ ಅದು!"

"ಅದಕ್ಕೇ ಅಂಕಲ್. ಈ ಸೊಳ್ಳೆಗೆ ಅಂಥ ನೀರೇ ಬೇಕಂತೆ."

ಯಜಮಾನರು ಅವಳ ಹೊಟ್ಟೆಯನ್ನೊಮ್ಮೆ ನೋಡಿದರು. ಆಮೇಲೆ, "ಬನ್ನಿ, ನೋಡೇ ಬಿಡಾಣ" ಎಂದು ಹೊರಟರು.

ಬೀಗ ತೆಗೆದು, ತಾವೇ ಬಿಂದಿಗೆ ಇಳಿಸಿ, ನೀರನ್ನು ನಮ್ಮ ಬಿಳಿ ಪ್ಲಾಸ್ಟಿಕ್ ಬೇಸಿನ್ನಿಗೆ ಸುರಿದರು. ನೀರಿನ ಮೇಲ್ಭಾಗಕ್ಕೆ ಅಂಟಿಕೊಂಡಂತೆ ಸಣ್ಣ ಸಣ್ಣ ಹುಳುಗಳು ಮಲಗಿದ್ದವು. ಬೆರಳಾಡಿಸಿದರೆ ಪಟ್ಟನೆ ಮಿಡಿದು ಸರಿಯುತ್ತಿದ್ದವು. ಯಜಮಾನರು ಕುಕ್ಕರುಗಾಲಲ್ಲಿ ಕುಳಿತು ನೋಡಿದರು, ನೋಡುತ್ತಲೇ ಇದ್ದರು.

"ನಮ್ ತಾತ ಇದಕ್ಕೆ ಮೀನ್ ಬಿಡೋರು," ಎಂದರು ಕೊನೆಗೆ. "ಬೋರ್ ಹಾಕ್ಸಿದ್ ಮೇಲೆ ನಾವ್ಯಾರೂ ಇಣುಕಿ ನೋಡ್ಲೇ ಇಲ್ಲ."

ಆ ವಾರವೇ ಬಾವಿಗೆ ಹುಳು ತಿನ್ನುವ ಗಪ್ಪಿ ಮೀನು ಬಿದ್ದವು, ಮೇಲೆ ಬಲೆ ಬಂತು. "ಆ ಬ್ಯಾನರ್ ಬಿಚ್ಚಾಕಿ ಮೇಷ್ಟ್ರೇ, ಮಿಕ್ಕಿದ್ದು ನಾನ್ ನೋಡ್ಕೋತೀನಿ" ಎಂದವರು ತಮ್ಮ ಡ್ರೈವರುಗಳಿಗೆ ಒಂದೇ ಮಾತು ಹೇಳಿದರು: ಸಂಪಿಗೆ ಸರಿಯಾದ ಮುಚ್ಚಳ ಇಲ್ಲದಿದ್ದರೆ ಪೈಪು ಇಳಿಸುವಂತಿಲ್ಲ. ಸಂಘದವರು ಮನೆಮನೆಗೆ ಹಂಚಿದ್ದ ಮಲೇರಿಯಾ ಕರಪತ್ರದಲ್ಲಿ ಬೋಂಡಾದ ಎಣ್ಣೆ ಒರೆಸಿದ್ದವರೆಲ್ಲ ಮುಚ್ಚಳ ಹುಡುಕಿಕೊಂಡು ಅಂಗಡಿಗೆ ಓಡಿದರು. ಸಂಘದ ಅಧ್ಯಕ್ಷರ ಮನೆಯಿಂದಲೇ ಒಂದು ಟ್ಯಾಂಕರು ತುಂಬಿದ್ದು ತುಂಬಿದ ಹಾಗೆ ವಾಪಸು ಹೋಯಿತು. ಆ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಮಗಳಿಗೆ ಒಂಬತ್ತು ತುಂಬುತ್ತಿದ್ದಾಗ ಒಂದು ಬೆಳಿಗ್ಗೆ ಚಳಿ ಹತ್ತಿ ಜ್ವರ ಏರಿತು. ಎರಡು ರಗ್ಗು ಹೊದಿಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ನಮ್ಮವರನ್ನು ಮನೆಯಲ್ಲೇ ಬಿಟ್ಟು ನಾವಿಬ್ಬರೂ ಆಟೋ ಹಿಡಿದು ಜಯನಗರಕ್ಕೆ ಹೋಗಿ, ರಕ್ತ ಕೊಟ್ಟು, ಗೋಡೆ ನೋಡುತ್ತಾ ಕುಳಿತೆವು. ಕೊನೆಗೆ ಡಾಕ್ಟರು ಕರೆದು, "ಮಲೇರಿಯಾ ಇಲ್ಲ. ಯೂರಿನ್ ಇನ್ಫೆಕ್ಷನ್ ಅಷ್ಟೇ, ಔಷಧಿಗೆ ಹೋಗತ್ತೆ. ಮಗು ಚೆನ್ನಾಗಿದೆ" ಎಂದರು. ಅಷ್ಟು ಜನರ ಮುಂದೆ ನಾನು ಗಳಗಳನೆ ಅತ್ತುಬಿಟ್ಟೆ. ಮಗಳೇ ನನಗೆ ನೀರು ಕುಡಿಸಬೇಕಾಯಿತು.

ವಾಪಸು ಬಂದಾಗ ಯಜಮಾನರು ನಮ್ಮ ಗೇಟಿನ ಹತ್ತಿರ ನಿಂತಿದ್ದರು. ನಾವು ಹೋದಾಗಿನಿಂದ ಅಲ್ಲೇ ಇದ್ದರು, ಕರೆದರೂ ಒಳಗೆ ಬರಲಿಲ್ಲ ಎಂದು ಆಮೇಲೆ ನಮ್ಮವರು ಹೇಳಿದರು.

"ರಿಪೋರ್ಟ್ ಬಂತಾ ಅಮ್ಮಾ?"

"ಬಂತು. ಮಲೇರಿಯಾ ಅಲ್ಲ."

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿದಷ್ಟೂ ಕಣ್ಣು ಒದ್ದೆಯಾಗುತ್ತಿತ್ತು. ಮಗಳ ಕಡೆ ತಿರುಗಿ, "ಹಂಗಾದ್ರೆ ನಮ್ ಬಾವಿಯಿಂದ ಬಂದಿದ್ದಲ್ಲ. ಅಲ್ವಾ ತಾಯಿ?" ಎಂದು ಕೇಳಿದರು.

"ಅಲ್ಲ ಅಂಕಲ್."

"ಇನ್ನೊಂದ್ ಸಲ ಹೇಳ್ಬಿಡು," ಎಂದರು ಅವರು.