ತವರಿನಲ್ಲಿ ಮಾತ್ರ ಬಿಚ್ಚುವ ಗರಿ

ಹಳಗನ್ನಡ ಕಾವ್ಯಗಳ ಪಾಠ ಸರಿಪಡಿಸುವುದರಲ್ಲೇ ನನ್ನ ಆಯುಷ್ಯ ಕಳೆಯಿತು. ಹತ್ತು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಯಾವುದನ್ನೂ ಪೂರ್ತಿ ನಂಬದಿರುವುದು ಆ ಕೆಲಸದ ಮೊದಲ ಪಾಠ. ನನ್ನ ನೆನಪನ್ನೂ ಹಾಗೆಯೇ ಓದುತ್ತೇನೆ. ಇರುವುದು ಒಂದೇ ಪ್ರತಿ, ಬರೆದವನೂ ನಾನೇ, ತಿದ್ದಿದವನೂ ನಾನೇ. ಬೇರೆ ಯಾರಾದರೂ ಇಂಥದ್ದನ್ನು ತಂದಿದ್ದರೆ ಬದಿಗೆ ಸರಿಸುತ್ತಿದ್ದೆ. ತುಕ್ಕಾನಟ್ಟಿ ಎಂಬ ಹಳ್ಳಿಯ ವಿಷಯಕ್ಕೆ ಮಾತ್ರ ಇನ್ನೊಂದು ಸಾಕ್ಷಿ ಇದೆ, ಆಗ ನಾನು ಬರೆದಿಟ್ಟ ನೀಲಿ ರಟ್ಟಿನ ನೋಟುಬುಕ್ಕು. ಕೆಲವು ಕಡೆ ಅದು ನನ್ನ ಮಾತನ್ನು ಒಪ್ಪುವುದಿಲ್ಲ.

ರಾಜ್ಯ ಒಂದುಗೂಡಿ ಎರಡು ಮೂರು ವರ್ಷವಾಗಿತ್ತು. ಧಾರವಾಡದಲ್ಲಿ ಎಂ.ಎ. ಮುಗಿಸಿ ಗೋಕಾಕದ ಹೈಸ್ಕೂಲಿನಲ್ಲಿ ಕಲಿಸುತ್ತ, ಪಿಎಚ್.ಡಿ.ಗಾಗಿ ಅಚ್ಚಾಗದ ಒಂದು ಕಾವ್ಯವನ್ನು ಸಂಪಾದಿಸುತ್ತಿದ್ದೆ. ಅದರ ತಾಡೋಲೆ ಪ್ರತಿ ಇದ್ದದ್ದು ಒಂದೇ, ತುಕ್ಕಾನಟ್ಟಿಯ ಒಂದು ಒಕ್ಕಲು ಮನೆಯ ದೇವರ ಜಗಲಿಯ ಮೇಲೆ. ಕಟ್ಟನ್ನು ಹೊರಗೆ ಕೊಡುವುದಿಲ್ಲ, ಬೇಕಾದರೆ ಇಲ್ಲೇ ಕೂತು ಬರೆದುಕೊಳ್ಳಿ ಎಂದು ಮನೆಯ ಹಿರಿಯಾಕೆ ಹೇಳಿದ್ದರು. ಆಕೆಯನ್ನು ಊರೆಲ್ಲ ಅವ್ವ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಎರಡು ವರ್ಷ, ಪ್ರತಿ ರವಿವಾರ, ಓಲೆಯ ಗರಿಗೆ ಮಸಿ ಸವರಿ, ಕೊರೆದ ಅಕ್ಷರ ಎಬ್ಬಿಸಿ ಬರೆದುಕೊಂಡೆ. ನಡುನಡುವೆ ಮೂರು ಗರಿ ಇರಲಿಲ್ಲ.

ಆ ಮೂರು ಜಾಗವೂ ನಾಯಕ ನಾಯಕಿಯರು ಭೇಟಿಯಾಗುವ ಹೊತ್ತಿನವು ಎಂದು ನನಗೆ ಹೊಳೆಯಿತು. ಯಾರೋ ಮಡಿವಂತ ಹಿರಿಯರು ಶೃಂಗಾರಕ್ಕೆ ನಾಚಿ ಗರಿಗಳನ್ನು ಕಿತ್ತಿದ್ದಾರೆ ಎಂದು ಹನ್ನೆರಡು ಪುಟದ ಲೇಖನ ಬರೆದೆ, ಅದು ಒಂದು ಪತ್ರಿಕೆಯಲ್ಲಿ ಅಚ್ಚೂ ಆಯಿತು. ನನ್ನ ಗುರುಗಳು ಅದನ್ನು ಓದಿ, ಲೇಖನ ಚೆನ್ನಾಗಿದೆ, ಆದರೆ ಗರಿಗಳನ್ನು ತಾ, ಇಲ್ಲದಿದ್ದರೆ ದಸರೆಯ ಹೊತ್ತಿಗೆ ಬೇರೆ ಕಾವ್ಯ ಆರಿಸಿಕೋ ಎಂದರು. ಎರಡು ವರ್ಷದ ಕೆಲಸ ಮೂರು ಗರಿಗಳಿಗೆ ಜೋತುಬಿದ್ದಿತು.

ಮುಂದಿನ ರವಿವಾರ ಸಂಕಟ ತಡೆಯದೆ ಅವ್ವನಿಗೆ ನನ್ನ ಲೇಖನದ ಸಾರಾಂಶ ಹೇಳಿದೆ. ಆಕೆ ಶೇಂಗಾ ಸುಲಿಯುತ್ತಿದ್ದವರು ಸುಲಿಯುವುದನ್ನು ಬಿಟ್ಟು ಕೇಳಿಸಿಕೊಂಡರು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

"ಕಿತ್ತಾಕಿ ನಾನ ಅದೀನ್ರಿ ಮಾಸ್ತರ. ಅವು ಎಲ್ಲೂ ಕಳದಿಲ್ಲ, ಗಂಡನ ಮನಿಗೆ ಹೋಗ್ಯಾವ."

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿಯ ಜೊತೆಗೆ ಜಗಲಿಯ ಒಂದು ಗರಿಯನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ಹಾಕುವುದು. ಅಲ್ಲಿ ಅದನ್ನು ಬಿಚ್ಚುವಂತಿಲ್ಲ. ನಾಗರ ಪಂಚಮಿಗೆ ಅವಳು ತವರಿಗೆ ಬಂದಾಗ ಗರಿ ಕಟ್ಟಿಗೆ ಸೇರಿ ಪೂಜೆಯಾಗಬೇಕು, ಹೊರಡುವಾಗ ಮತ್ತೆ ಅವಳ ಉಡಿ ಸೇರಬೇಕು. ಯಾಕೆ ಎಂದು ಕೇಳಿದೆ. ಗರಿ ತರುವ ನೆಪಕ್ಕಾದರೂ ಹುಡುಗಿಯರನ್ನು ಕಳಿಸುತ್ತಾರಲ್ಲ ಎಂದರು ಅವ್ವ. ಆ ಎರಡು ವರ್ಷದ ಪಂಚಮಿ ರಜೆಯಲ್ಲೂ ನಾನು ಧಾರವಾಡದ ಗ್ರಂಥಾಲಯದಲ್ಲಿ ಕೂತು ಕಳೆದ ಗರಿಗಳ ಬಗ್ಗೆ ಓದುತ್ತಿದ್ದೆ.

ಹಿರಿಯ ಮಗಳು ಗೋಕಾಕದಲ್ಲಿ, ನಾನಿದ್ದ ಬಾಡಿಗೆ ಕೋಣೆಯಿಂದ ಎರಡು ಓಣಿ ಆಚೆಗೇ ಇದ್ದಳು. ನಡುವಿನವಳು ಮೂಡಲಗಿಯಲ್ಲಿ. ಇಬ್ಬರೂ ಪಂಚಮಿಗೆ ಬರುವವರೇ. ಕಿರಿಯವಳು ಹುಕ್ಕೇರಿಯವಳು, ಮೂರು ವರ್ಷದಿಂದ ಬಂದಿರಲಿಲ್ಲ. ಕರೆಯಲು ಅಣ್ಣ, ಅಂದರೆ ಅವ್ವನ ಮಗ, ಹೋಗಬೇಕು, ಅವನು ಹೋಗುತ್ತಿರಲಿಲ್ಲ. ಕಾರಹುಣ್ಣಿಮೆಗೆ ಬಂದಿದ್ದ ಹುಕ್ಕೇರಿಯ ಅಳಿಯ, ಶೃಂಗಾರ ಮಾಡಿ ನಿಲ್ಲಿಸಿದ್ದ ಅಣ್ಣನ ಎತ್ತನ್ನು ನೋಡಿ, ಇದು ಕತ್ತೆಯೋ ಎತ್ತೋ ಎಂದು ನಾಲ್ಕು ಜನರ ಎದುರು ಚೇಷ್ಟೆ ಮಾಡಿದ್ದನಂತೆ. ಅಷ್ಟಕ್ಕೇ ಎರಡೂ ಮನೆಯ ನಡುವೆ ಹೋಗಿಬರುವುದು ನಿಂತಿತ್ತು. ಈ ಕಥೆಯನ್ನು ಅಲ್ಲೇ ಕೂತಿದ್ದ ಆ ಅಣ್ಣ ಮೂರು ವರ್ಷದ ಮೇಲೂ ಬಿಸಿಬಿಸಿಯಾಗಿ ಹೇಳಿದ. ಅವ್ವ ಮಗನ ಕಡೆ ನೋಡದೆ ನನಗೆ ಹೇಳಿದರು:

"ಎತ್ತ ಸತ್ತು ಎರಡ ವರ್ಷ ಆತ್ರಿ. ಇವನ ಸಿಟ್ಟ ಇನ್ನೂ ಮೇವ ತಿನ್ನಾಕತ್ತೈತಿ."

ಅವನು ಎದ್ದು ಹೊಲಕ್ಕೆ ಹೋದ. ಕೊನೆಗೆ ಅವ್ವನೇ ದಾರಿ ತೆಗೆದರು. ಈ ಪಂಚಮಿಗೆ ಅಣ್ಣನಾಗಿ ನೀವೇ ಹೋಗಿ ಕರೆದುಕೊಂಡು ಬನ್ನಿ ಎಂದರು. ನಾನು ಅಪ್ಪ ಅಮ್ಮನಿಗೆ ಒಬ್ಬನೇ ಮಗ, ಇಂಥ ಕೆಲಸದ ಅನುಭವ ಇರಲಿಲ್ಲ. ಗರಿಯ ಆಸೆಗೆ ಒಪ್ಪಿದೆ.

ಗೋಕಾಕದ ಕರದಂಟು, ಮಗಳ ಕುಬಸಕ್ಕೆಂದು ಅವ್ವ ಕೊಟ್ಟ ಒಂದು ಖಣದ ಬಟ್ಟೆ ಚೀಲದಲ್ಲಿಟ್ಟುಕೊಂಡು ಹುಕ್ಕೇರಿಗೆ ಹೋದೆ. ಜೋರು ಮಳೆ, ಬಸ್ಸಿನ ಕಿಟಕಿಯಿಂದ ನೀರು ಸಿಡಿದು ಚೀಲ ತೊಯ್ದದ್ದು ನನಗೆ ಚೆನ್ನಾಗಿ ನೆನಪಿದೆ. ನೋಟುಬುಕ್ಕು ಮಾತ್ರ "ಬಿಸಿಲು, ಧೂಳು" ಎನ್ನುತ್ತದೆ. ಇರಲಿ.

ಬಾಗಿಲು ತೆರೆದವಳು ಇಪ್ಪತ್ತೆರಡರ ಆಸುಪಾಸಿನ, ಕಂಕುಳಲ್ಲಿ ಕೂಸಿದ್ದ ಹೆಣ್ಣುಮಗಳು. ಅಳಿಯ ಒಳಗಿನಿಂದಲೇ ಬರ್ರಿ ಬರ್ರಿ ಎಂದು ಸ್ವಾಗತಿಸಿ ಚಹಾಕ್ಕೆ ಹೇಳಿದ. ನೋಡಿದರೆ ಅವನಿಗೆ ಎತ್ತಿನ ಮಾತು ಮರೆತೇ ಹೋಗಿತ್ತು. ನಾನು ಯಾರೆಂದು ಹೇಳಿ, ಗರಿಯನ್ನು ಒಮ್ಮೆ ನೋಡಲೇ ಎಂದು ಅವಳನ್ನು ಕೇಳಿದೆ. ಅವಳು ತಲೆ ಅಲ್ಲಾಡಿಸಿದಳು, ಅದು ಬಿಚ್ಚುವುದು ತವರಿನಲ್ಲೇ. ಹಾಗಾದರೆ ನಡೆ, ಅಣ್ಣನಾಗಿ ಕರೆಯಲು ಬಂದಿದ್ದೇನೆ ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದಳು.

"ವಿಚಾರ ಮಾಡ್ರಿ ಮಾಸ್ತರ. ಅಣ್ಣ ಅಂದ ಮ್ಯಾಲ ವರ್ಷಾ ವರ್ಷಾ ಬರಬೇಕಾಗ್ತೈತಿ."

ಆಗಲಿ ಎಂದೆ. ಆ ಗಳಿಗೆಯಲ್ಲಿ ಯಾವ ಮಾತಿಗೂ ಆಗಲಿ ಎನ್ನುತ್ತಿದ್ದೆ.

ಪಂಚಮಿಯ ದಿನ ತುಕ್ಕಾನಟ್ಟಿಯ ಮನೆಯಲ್ಲಿ ಎಳ್ಳು, ಶೇಂಗಾ ಉಂಡಿಯ ವಾಸನೆ. ಹಿತ್ತಲಿನ ಬೇವಿನ ಮರಕ್ಕೆ ಅಣ್ಣ ಜೋಕಾಲಿ ಕಟ್ಟಿದ್ದ. ತಂಗಿಯನ್ನು ಮಾತಾಡಿಸಿರಲಿಲ್ಲ, ಹಗ್ಗವನ್ನು ಮಾತ್ರ ಎರಡೆರಡು ಸಲ ಜಗ್ಗಿ ನೋಡುತ್ತಿದ್ದ. ಪೂಜೆಯಾದ ಮೇಲೆ ಮೂವರು ಹೆಣ್ಣುಮಕ್ಕಳೂ ಸಾಲಾಗಿ ಕೂತು ತಮ್ಮ ತಮ್ಮ ಹಳದಿ ಗಂಟು ಬಿಚ್ಚಿದರು. ನಾನು ಮಸಿ ಅದ್ದಿದ ಬಟ್ಟೆ ಹಿಡಿದು ಕಾದಿದ್ದೆ.

ಗೋಕಾಕದ ಗರಿ ನನ್ನ ಕಾವ್ಯದ್ದೇ. ಅದರ ತುಂಬ ಯುದ್ಧಕ್ಕೆ ಹೊರಟ ಆನೆಗಳು. ಮೂಡಲಗಿಯ ಗರಿಯೂ ಕಾವ್ಯದ್ದೇ, ಅದರಲ್ಲಿ ಒಬ್ಬ ಮುನಿಯ ಉದ್ದನೆಯ ಉಪದೇಶ. ಶೃಂಗಾರದ ಸುಳಿವೂ ಇರಲಿಲ್ಲ. ನನ್ನ ಹನ್ನೆರಡು ಪುಟಗಳು ಆನೆಗಳ ಕಾಲಡಿಗೆ ಸಿಕ್ಕಿದವು. ಉಳಿದ ಆಸೆಯೆಲ್ಲ ಹುಕ್ಕೇರಿಯದರ ಮೇಲೆ. ಮಸಿ ಸವರಿ ಎರಡು ಸಾಲು ಓದಿ ಬಟ್ಟೆ ಕೆಳಗಿಟ್ಟೆ.

ಏನೈತಿ ಎಂದು ಎಲ್ಲರೂ ಕೇಳಿದರು. ಓದಿ ಅರ್ಥ ಹೇಳಿದೆ. ಹೊಟ್ಟೆ ಉಬ್ಬಿದ ಎತ್ತಿಗೆ ಇಂಗು, ಅಜವಾನ ಕುದಿಸಿ ಯಾವ ಅಳತೆಯಲ್ಲಿ ಕುಡಿಸಬೇಕು ಎಂಬ ವಿಧಾನ ಅದು. ಜಗಲಿಯ ಮೇಲೆ ಇನ್ನೊಂದು ಸಣ್ಣ ವೈದ್ಯದ ಕಟ್ಟೂ ಇತ್ತಂತೆ. ಮದುವೆಯ ಗಡಿಬಿಡಿಯಲ್ಲಿ ಕೈಗೆ ಸಿಕ್ಕದ್ದನ್ನು ಉಡಿಯಲ್ಲಿ ಹಾಕಿದೆ ಎಂದರು ಅವ್ವ. ಹಾಗಾದರೆ ಕಾವ್ಯದ ಮೂರನೆಯ ಗರಿ? ಅದು ತಮ್ಮ ಮಾವನ ಕಾಲದಲ್ಲಿ ಕೌಜಲಗಿಗೆ ಹೋದ ಹೆಣ್ಣುಮಗಳ ಉಡಿಯದಿರಬೇಕು, ಆ ಮನೆಯಲ್ಲಿ ಈಗ ಯಾರೂ ಇಲ್ಲ ಎಂದರು.

ಅಷ್ಟರಲ್ಲಿ ಬಾಗಿಲಿಗೆ ಆತು ನಿಂತಿದ್ದ ಅಣ್ಣ ಮೆಲ್ಲಗೆ ಹೇಳಿದ, "ನನ್ನ ಎತ್ತ ಹೊಟ್ಟಿ ಉಬ್ಬೇ ಸತ್ತಿತ್ತು. ಈ ಗರಿ ಅವತ್ತ ಇದ್ದಿದ್ದರ ಉಳೀತಿತ್ತು."

ತಂಗಿ ತಲೆ ಎತ್ತಲಿಲ್ಲ. "ಕರಿಯಾಕ ಬಂದಿದ್ದರ ತರ್ತಿದ್ನಿ."

ಮೊದಲು ನಕ್ಕವಳು ಮೂಡಲಗಿಯವಳು ಎಂದು ನನ್ನ ನೆನಪು, ನೋಟುಬುಕ್ಕಿನಲ್ಲಿ ಆ ದಿನ ಆನೆಗಳ ಪದ್ಯಗಳಷ್ಟೇ ಇವೆ. ನಗು ಒಬ್ಬರಿಂದ ಒಬ್ಬರಿಗೆ ಹತ್ತಿ ಅವ್ವನ ಕಣ್ಣಲ್ಲಿ ನೀರು ಬಂತು. ಅಣ್ಣ ಬಂದು ಕೂಸನ್ನು ಎತ್ತಿಕೊಂಡು ಜೋಕಾಲಿಗೆ ನಡೆದ. ನಡಿ, ನೀನೂ ಕೂಡು ಎಂದು ತಂಗಿಗೆ ಹೇಳಿದ್ದು ಹಿತ್ತಲಿನಿಂದ ಕೇಳಿಸಿತು.

ದಸರೆಗೆ ಮುಂಚೆ ಗುರುಗಳ ಎದುರು ನಿಂತು ಇದೆಲ್ಲ ಒಪ್ಪಿಸಿದೆ. ಅವರೂ ಬಹಳ ಹೊತ್ತು ನಕ್ಕರು. ಮನೆಯ ಹೆಣ್ಣುಮಕ್ಕಳನ್ನೆಲ್ಲ ವಿಚಾರಿಸಿ ಬಂದಿದ್ದಿ, ಇನ್ನೆಲ್ಲಿ ಹುಡುಕುತ್ತಿ, ಆ ಜಾಗ ಖಾಲಿ ಬಿಟ್ಟು ಬರೆ ಎಂದರು. ಪದವಿ ಬಂತು, ಕಾಲೇಜಿನ ಕೆಲಸ ಬಂತು. ಅಚ್ಚಾದ ಪುಸ್ತಕದಲ್ಲಿ ಅರ್ಧ ಪುಟ ಈಗಲೂ ಖಾಲಿ ಇದೆ, ಕೆಳಗೆ "ಇಲ್ಲಿ ಒಂದು ಗರಿ ದೊರೆತಿಲ್ಲ" ಎಂಬ ಅಡಿಟಿಪ್ಪಣಿ. ಶೃಂಗಾರದ ಲೇಖನವನ್ನು ಅದೇ ಪತ್ರಿಕೆಯಲ್ಲಿ ನಾನೇ ಖಂಡಿಸಿದೆ.

ಮರುವರ್ಷ ಶ್ರಾವಣದಲ್ಲಿ ಹುಕ್ಕೇರಿಯ ಬಾಗಿಲಿಗೆ ಇಬ್ಬರು ಅಣ್ಣಂದಿರು ಹೋದೆವು. ಅವಳು ಆಗಲೇ ಗಂಟು ಕಟ್ಟಿಟ್ಟು ಕೂತಿದ್ದಳು. ತನ್ನ ಅಣ್ಣನ ಕೈಗೆ ಕೂಸನ್ನು ಕೊಟ್ಟು, ನನ್ನ ಕಡೆ ತಿರುಗಿದಳು.

"ನಿನಗ ಈ ಸಲ ಯಾವ ಗರಿ ಬೇಕಾಗೈತಿ ಅಣ್ಣಾ?"

"ಯಾವದೂ ಬ್ಯಾಡವಾ," ಎಂದೆ. "ನಡಿ, ಬಸ್ ಬರೂ ಹೊತ್ತಾತು."