ಕಂಪ್ಯೂಟರಿಗೆ ಕಾವಲಿದ್ದ ವೈನಿ

ನನ್ನ ವೈನಿಯ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಲಾತೂರಿನ ಭೂಕಂಪದಲ್ಲಿ ಮಾಕಣಿ ಎಂಬ ಊರಿನ ಅವರ ತವರುಮನೆ ಕುಸಿದಾಗ ಕಲ್ಲಿನಡಿ ಸಿಕ್ಕಿದ್ದ ಕೈ ಅದು. ಆಗ ಅವರಿನ್ನೂ ಚಿಕ್ಕ ಹುಡುಗಿ. ಕೀಬೋರ್ಡಿನ ಮೇಲೆ ಉಳಿದ ಬೆರಳುಗಳು ಸರಸರ ಓಡಾಡುವಾಗ ಅದೊಂದು ಮಾತ್ರ ನೆಟ್ಟಗೆ ನಿಂತಿರುತ್ತಿತ್ತು.

ಅಣ್ಣನನ್ನು ಮದುವೆಯಾಗಿ ನಿಲಂಗಾದ ನಮ್ಮ ಮನೆಗೆ ಬಂದಾಗ ವೈನಿ ಉಮರ್ಗಾದಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿದ್ದರು. ನಮ್ಮದು ಬಟ್ಟೆ ವ್ಯಾಪಾರದ ಮನೆತನ. ಮನೆಗೆ ಕಂಪ್ಯೂಟರ್ ತಂದ ಮೇಲೆ ಅದರ ಯಜಮಾನಿಕೆ ತಾನಾಗಿಯೇ ಅವರದಾಯಿತು. ಸೋಮವಾರದ ಪೂಜೆ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡೇ ಕೂತು ಆಂಟಿವೈರಸ್ ಓಡಿಸುತ್ತಿದ್ದರು. ಯಾರಾದರೂ ಪೆನ್‌ಡ್ರೈವ್ ತಂದರೆ ಕೈಯಿಂದ ಇಸಿದುಕೊಂಡು, "ಹೊರಗಿಂದ ಬಂದವ್ರು ಕಾಲ ತೊಕ್ಕೊಂಡೇ ಒಳಗ ಬರಬೇಕು" ಎಂದು ಮೊದಲು ಅದನ್ನು ಸ್ಕ್ಯಾನ್ ಮಾಡುತ್ತಿದ್ದರು.

ಅಣ್ಣನಿಗೆ ಇದೆಲ್ಲ ತಮಾಷೆ. "ನಿಮ್ಮ ವೈನಿ ನನ್ನನ್ನೂ ಸ್ಕ್ಯಾನ್ ಮಾಡೇ ಒಳಗ ಬಿಡ್ತಾಳ ನೋಡು" ಅನ್ನುತ್ತಿದ್ದ. ವೈನಿ ತವರಿಗೆ ಹೋಗಿದ್ದಾಗ ಗೆಳೆಯನಿಂದ ಸಿನಿಮಾ ತುಂಬಿಸಿಕೊಂಡು ಬಂದ ಪೆನ್‌ಡ್ರೈವನ್ನು ಹಾಗೆಯೇ ಚುಚ್ಚಿದ. ಕೇಡು ಅದರಲ್ಲೇ ಬಂತೋ, ಬೇರೆ ದಾರಿಯಿಂದ ಬಂತೋ, ಖಾತ್ರಿಯಾಗಿ ಹೇಳಲಾರೆ.

ಉದಗೀರಿನ ಧಾನ್ಯ ವ್ಯಾಪಾರಿಗಳ ಮನೆಯಲ್ಲಿ ಆಗಷ್ಟೇ ನನ್ನ ಮದುವೆಯ ಸಂಬಂಧ ಕುದುರಿತ್ತು. ಹುಡುಗನೊಂದಿಗೆ ನಾನು ಮಾತಾಡಲೆಂದು ಮನೆಯವರು ಒಂದು ಕ್ಯಾಮೆರಾ ತಂದು ಕಂಪ್ಯೂಟರಿನ ಮೇಲೆ ಕೂರಿಸಿದ್ದರು. ಅದು ಇದ್ದದ್ದು ನಾನು ಮಲಗುವ ಕೋಣೆಯಲ್ಲಿ. ಒಂದು ಮಧ್ಯಾಹ್ನ ಮೇಲ್ ತೆರೆದರೆ ನನ್ನದೇ ಫೋಟೊ. ಸ್ನಾನ ಮುಗಿಸಿ ಬಂದು ಬಟ್ಟೆ ಬದಲಿಸುತ್ತಿದ್ದೇನೆ. ಕೆಳಗೆ ಮರಾಠಿಯಲ್ಲಿ ಬರೆದಿತ್ತು: ಕರೆದಾಗ ಕ್ಯಾಮೆರಾದ ಮುಂದೆ ಬರಬೇಕು, ಹೇಳಿದ ಹಾಗೆ ಮಾಡಬೇಕು, ಇಲ್ಲದಿದ್ದರೆ ಇದು ಉದಗೀರಿಗೆ ಹೋಗುತ್ತದೆ. ಹುಡುಗನ ಮೇಲ್ ವಿಳಾಸವೂ ಅದರಲ್ಲಿತ್ತು.

ಯಾರಿಗೂ ಹೇಳಲಿಲ್ಲ. ಆ ಕೋಣೆಗೆ ಕಾಲಿಡಲು ಹೆದರಿಕೆ, ಇಡದಿದ್ದರೆ ಅವನು ಕಳಿಸಿಯೇ ಬಿಟ್ಟಾನೆಂಬ ಹೆದರಿಕೆ.

ತವರಿನಿಂದ ಮರಳಿದ್ದ ವೈನಿ ಒಗೆದ ಬಟ್ಟೆ ಇಡಲು ಬಂದವರು ಬಾಗಿಲಲ್ಲೇ ನಿಂತರು.

"ತಂಗಿ, ನೀ ಯಾರ ಸಂಗಟಾನೂ ಮಾತಾಡಲಾಕತ್ತಿಲ್ಲ. ಮತ್ತ ಕ್ಯಾಮೆರಾದ ದೀಪ ಯಾಕ ಉರಿಲಾಕತ್ತದ?"

ವೈನಿ ನನ್ನ ಮುಖ ನೋಡಿದರು. ಬಟ್ಟೆಯ ಗಂಟನ್ನು ಅಲ್ಲೇ ಕೆಡವಿ, ಮೇಜಿನ ಹಿಂದೆ ಬಗ್ಗಿ ಕ್ಯಾಮೆರಾದ ವೈರನ್ನೂ ನೆಟ್ಟಿನ ವೈರನ್ನೂ ಕಿತ್ತೆಳೆದರು. ಆಮೇಲೆ ಬಾಗಿಲು ಮುಂದೆ ಮಾಡಿ ನನ್ನ ಪಕ್ಕ ಕೂತರು. ಅಳುತ್ತಳುತ್ತ ಎಲ್ಲಾ ಹೇಳಿದೆ.

"ಆ ಮೇಲ್ ಅಳಿಸಿ ಬಿಡ್ರಿ ವೈನಿ" ಎಂದೆ.

"ಅಳಿಸಬ್ಯಾಡ. ಕಳ್ಳನ ಹೆಜ್ಜಿ ಅದು, ಕಾಯ್ದಿಡಬೇಕು. ಮತ್ತ ಇದರಾಗ ನಿಂದೇನೂ ತಪ್ಪಿಲ್ಲ. ನಿನ್ನ ಮನ್ಯಾಗ ನೀ ಇದ್ದಿ."

ಪಡಸಾಲೆಯಲ್ಲಿ ವಿಷಯ ತಿಳಿದಾಗ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಹೊರಗ ಗೊತ್ತಾದ್ರ ಸೋಯರಿಕಿ ಮುರೀತದ, ಲಗ್ನ ನಿಲ್ತದ. ಬದನಾಮಿ ಆಗ್ತದ. ಎಲ್ಲಾರೂ ಸುಮ್ಕ ಇರ್ರಿ."

"ಆ ಡಬ್ಬೀನ ಒಡದ ಹಾಕ್ತೀನಿ" ಎಂದು ಅಣ್ಣ ಎದ್ದ.

"ಡಬ್ಬಿ ಒಡದ್ರ ಅವನ ಹಂತ್ಯಾಕ ಇರೋ ಫೋಟು ಒಡೀತದೇನ್ರೀ?" ಎಂದು ಅವನನ್ನು ತಡೆದು, ವೈನಿ ಅವ್ವನ ಕಡೆ ತಿರುಗಿದರು. "ಅತ್ತ್ಯಾರ, ನಾವು ಯಾರಿಗೂ ಹೇಳಂಗಿಲ್ಲ ಅಂತ ತಿಳದೇ ಅಂವಾ ಇಷ್ಟು ಮಾಡಲಾಕತ್ತಾನ. ಅಂವಾ ತೋರಸೂಕಿಂತ ಮೊದಲ ನಾವೇ ಉದಗೀರಕ್ಕ ಹೋಗಿ ಹೇಳೂನು."

"ಅವ್ರು ಒಲ್ಲೆ ಅಂದ್ರ?"

"ಇಷ್ಟಕ್ಕ ಒಲ್ಲೆ ಅನ್ನೋ ಮನಿ ನಮಗೂ ಬ್ಯಾಡ್ರಿ."

ಅವ್ವ ಸೊಸೆಯೊಂದಿಗೆ ಮಾತು ಬಿಟ್ಟಳು. ವೈನಿ ಮರುದಿನ ಬೆಳಗ್ಗೆ ಅಣ್ಣನನ್ನು ಪೊಲೀಸ್ ಠಾಣೆಗೆ ಕಳಿಸಿ, ನನ್ನನ್ನು ಕರೆದುಕೊಂಡು ಉದಗೀರಿನ ಬಸ್ ಹತ್ತಿದರು.

ಹುಡುಗನ ತಾಯಿ ಚಹಾ ತಂದಿಟ್ಟರು. ವೈನಿ ಕಪ್ಪು ಮುಟ್ಟದೆ, ಸುತ್ತುಬಳಸದೆ ನಡೆದದ್ದನ್ನು ಹೇಳಿದರು. ನಾನು ನೆಲ ನೋಡುತ್ತ ಕೂತಿದ್ದೆ. ಹುಡುಗ ಎದ್ದು ಒಳಗೆ ಹೋದ ಸದ್ದು ಕೇಳಿತು. ನಿನ್ನ ಅಳು ನೋಡಲಾಗದೆ ಎದ್ದೆ ಎಂದು ಅವರೇ ಎಷ್ಟೋ ಕಾಲದ ಮೇಲೆ ಹೇಳಿದರು. ಆಗ ಮಾತ್ರ ಎಲ್ಲಾ ಮುಗಿಯಿತು ಅನಿಸಿತ್ತು.

"ಆ ಫೋಟು ನಮಗ ಬರ್ತದಂತೀಯೇನು?" ಎಂದು ತಾಯಿ ಕೇಳಿದರು.

"ಬರಬಹುದ್ರಿ ಅವ್ವಾರ. ಬಂದ್ರ ತೆರೀಬ್ಯಾಡ್ರಿ. ತೆರದ್ರ ನಿಮ್ಮ ಕಂಪ್ಯೂಟರಿಗೂ ಕೇಡು, ನಮ್ಮ ಹುಡುಗಿಗೂ ಅನ್ಯಾಯ."

"ವಿಚಾರ ಮಾಡಿ ತಿಳಸ್ತೀವಿ" ಎಂದರು ಹುಡುಗನ ತಂದೆ. ಅಷ್ಟೇ.

ಹಿಂದಿರುಗುವ ದಾರಿಯುದ್ದಕ್ಕೂ ವೈನಿ ಎದುರಿನ ಸೀಟಿನ ಕಂಬಿ ಹಿಡಿದೇ ಕೂತಿದ್ದರು. ನಿಲಂಗಾದಲ್ಲಿ ಇಳಿದವರೇ ನಿಲ್ದಾಣದ ಕಟ್ಟೆಯ ಮೇಲೆ ಕೂತುಬಿಟ್ಟರು. "ಖರೇ ಹೇಳ್ತೀನಿ ತಂಗಿ, ನನ್ನ ಎದಿ ಇನ್ನಾ ಹೊಡಕೊಳ್ಳಲಾಕತ್ತದ. ಅವ್ರು ಒಲ್ಲೆ ಅಂದ್ರ ನಿನಗ ಏನ್ ಮಾರಿ ತೋರಸ್ಲಿ" ಎಂದರು. ಅಲ್ಲಿಯವರೆಗೆ ಅವರಿಗೆ ಭಯವಿದೆ ಎಂಬುದೇ ನನಗೆ ಹೊಳೆದಿರಲಿಲ್ಲ.

ಠಾಣೆಯವರು ಬೇಕಾದದ್ದನ್ನು ತೆಗೆದುಕೊಂಡ ಮೇಲೆ ವೈನಿ ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಸಾಫ್ಟ್‌ವೇರ್ ಹಾಕಿದರು. ಎಲ್ಲಾ ಪಾಸ್‌ವರ್ಡ್ ಬದಲಿಸಿದರು. ಮೇಜನ್ನು ಪಡಸಾಲೆಗೆ ಎಳೆಸಿದರು. ಉದಗೀರಿನಿಂದ ಸುದ್ದಿಯಿಲ್ಲ. ಫೋನ್ ರಿಂಗಾದರೆ ಮನೆಮಂದಿಯೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಎತ್ತಲು ಹೋಗುತ್ತಿದ್ದವರು ವೈನಿ ಒಬ್ಬರೇ.

ಕೊನೆಗೊಂದು ಸಂಜೆ ಹುಡುಗನ ತಾಯಿಯೇ ಫೋನ್ ಮಾಡಿದರು. ವೈನಿ ರಿಸೀವರನ್ನು ನನ್ನ ಕಿವಿಗೂ ತಾಗುವಂತೆ ಹಿಡಿದರು. "ಬಂದಿತ್ತು ನೋಡವ್ವಾ ಆ ಹಲ್ಕಾನ ಮೇಲು. ನಮ್ಮ ಹುಡುಗ ಫೋಟು ತೆರೀಲಿಲ್ಲ, ಸೀದಾ ಪೊಲೀಸರಿಗೆ ಒಪ್ಪಿಸ್ಯಾನ. ನೀ ಮುಂಚೇನೇ ಹೇಳಿದ್ದು ಭಾಳ ಚಲೋ ಆತು. ಇನ್ನ ಲಗ್ನದ ಮುಹೂರ್ತ ತೆಗಸ್ರಿ."

ಆ ಮೇಲ್ ಕಳಿಸಿದವನು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಆ ಸಿಟ್ಟು ವೈನಿಗೆ ಕೊನೆಯವರೆಗೂ ಇತ್ತು.

ಹೋದ ಬೇಸಿಗೆಯಲ್ಲಿ ವೈನಿ ತೀರಿಕೊಂಡರು, ಲಾತೂರಿನ ಆಸ್ಪತ್ರೆಯಲ್ಲಿ. ಸಾಯುವ ವಯಸ್ಸಲ್ಲ. ಸುದ್ದಿ ಬಂದಾಗ ನನಗೆ ಚಪ್ಪಲಿ ಹುಡುಕುವಷ್ಟೂ ಎಚ್ಚರವಿರಲಿಲ್ಲ; ನನ್ನ ಅತ್ತೆ ಆಗಲೇ ಅಂಗಳದಲ್ಲಿ ಹೊರಟು ನಿಂತಿದ್ದರು. ನಿಲಂಗಾದ ಪಡಸಾಲೆಯಲ್ಲಿ ನಮ್ಮವರ ಪದ್ಧತಿಯಂತೆ ವೈನಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅತ್ತೆ ಅವರ ಹಣೆಗೆ ವಿಭೂತಿ ಹಚ್ಚಿ, ಪಕ್ಕದಲ್ಲಿ ಕುಸಿದು ಕೂತಿದ್ದ ನನ್ನ ಅವ್ವನ ಭುಜ ಹಿಡಿದರು.

"ನೀವು ಮಗಳ್ನ ಹಡದೀರಿ, ಖರೇ. ನಮ್ಮ ಮನೀಗೆ ಸೊಸೀನ ಕೊಟ್ಟಾಕಿ ಇಕಿ."

ಅವ್ವ ಹೌದೆಂದು ತಲೆಯಾಡಿಸಿದಳು.